ಪೀಪಿಗೂ ಕರೆಂಟ್ ಬೇಕೇನು?

12 ಜುಲೈ 2025, ಶನಿವಾರ
ವಡಗಾವಿ, ಬೆಳಗಾವಿ

ಇವತ್ತು ಹತ್ತರಿಂದ ನಾಲ್ಕರವರೆಗೆ ಕರೆಂಟ್ ಇರಲ್ಲ ಅಂತ ನಿನ್ನೆಯೇ ಪೇಪರಿನಲ್ಲಿ ಬಂದಿತ್ತು. ಓಣಿಯವರೆಲ್ಲ ಗೊಣಗಿದರು. ನನಗೆ ಮಾತ್ರ ಖುಷಿ. ಇಲ್ಲಿ ಎಡಕ್ಕೊಂದು, ಬಲಕ್ಕೊಂದು ಪವರ್‌ಲೂಮ್. ಸ್ಯಾಕ್ಸೋಫೋನ್ ರೆಕಾರ್ಡ್ ಮಾಡಲು ಕೂತರೆ ನನ್ನ ಆಲಾಪದ ಕೆಳಗೆ ಸೀರೆ ನೇಯುವ ಸದ್ದು. ಮಗ್ಗ ನಿಂತ ದಿನ ಒಂದು ಚೊಕ್ಕ ರೆಕಾರ್ಡಿಂಗ್ ಮಾಡಬೇಕು ಅಂತ ತಿಂಗಳುಗಟ್ಟಲೆ ಕಾದಿದ್ದೆ.

ಹತ್ತೂ ಐದಕ್ಕೆ ಕರೆಂಟ್ ಹೋಯಿತು. ಅಜ್ಜಿ ಹೊಲಿದ ಎರಡು ಕೌದಿಗಳನ್ನು ಬಾಗಿಲಿಗೂ ಕಪಾಟಿಗೂ ನೇತುಹಾಕಿದೆ. ಹಾಗೆ ಮಾಡಿದರೆ ಕೋಣೆ ದನಿಯನ್ನು ವಾಪಸ್ ಎಸೆಯೋದಿಲ್ಲ. ಮೊಬೈಲನ್ನು ಐದು ಅಡಿ ದೂರ ಸ್ಟೂಲ್ ಮೇಲೆ ಇಟ್ಟೆ, ವಾದ್ಯದ ಬಾಯಿಗೆ ನೇರ ಅಲ್ಲ, ಸ್ವಲ್ಪ ಓರೆಗೆ. ಸ್ಯಾಕ್ಸಿನ ದನಿ ಬರೀ ಬಾಯಿಂದ ಬರಲ್ಲ, ತೆರೆದ ತೂತುಗಳಿಂದಲೂ ಬರುತ್ತದೆ. ಇಷ್ಟು ತಿಳಿಯೋಕೆ ನನಗೆ ಒಂದು ವರ್ಷ ಬೇಕಾಯಿತು. ಊದಿದಾಗ ಅದುರಿ ದನಿ ಹುಟ್ಟಿಸುವ ತೆಳು ಪಟ್ಟಿ, ಎರಡೂವರೆ ನಂಬರಿನ ರೀಡನ್ನು ಬಾಯಲ್ಲಿಟ್ಟು ನೆನೆಸಿದೆ.

ನುಡಿಸಿದೆ. ಎರಡೇ ನಿಮಿಷಕ್ಕೆ ಸರಕು ಖಾಲಿ!

ಒಂದು ಸ್ವರ ಹಿಡಿದರೆ ಮುಂದೆ ಎಲ್ಲಿಗೆ ಹೋಗಬೇಕೋ ತಿಳಿಯಲಿಲ್ಲ. ಉಸಿರಿಗೆ ಅಂತ ನಿಂತರೆ ಕೌದಿ ವಾಸನೆ ಬಿಟ್ಟು ಬೇರೇನೂ ಇಲ್ಲ. ಕದ್ರಿ ಗೋಪಾಲನಾಥರಿಗಾದರೂ ಪಕ್ಕದಲ್ಲಿ ವಯಲಿನ್, ಮೃದಂಗ ಇರುತ್ತಿದ್ದವು, ನಾನು ಒಂಟಿ ಅಂತ ಸಮಾಧಾನ ಮಾಡಿಕೊಂಡೆ. ಆದರೆ ಹೋದ ವಾರ ಇದೇ ಕೋಣೆಯಲ್ಲಿ ಹತ್ತು ನಿಮಿಷ ಒಬ್ಬನೇ ನುಡಿಸಿದ್ದೆನಲ್ಲ? ಆ ಫೈಲ್ ಹಾಕಿ ಕೇಳಿದೆ. ಎಲ್ಲೆಲ್ಲಿ ಸುತ್ತಿದರೂ ಕೊನೆಗೆ ‘ಇ’ ಅನ್ನೋ ಸ್ವರಕ್ಕೇ ಬಂದು ನಿಲ್ಲುತ್ತಿದ್ದೇನೆ. ನನ್ನದು ಆಲ್ಟೊ ಸ್ಯಾಕ್ಸ್, ಅದರಲ್ಲಿ ‘ಇ’ ಒತ್ತಿದರೆ ಹೊರಗೆ ಕೇಳೋದು ‘ಜಿ’ ಸ್ವರ. ಅದೂ ಸ್ವಲ್ಪ ಏರಿದ ‘ಜಿ’.

ಮಧ್ಯಾಹ್ನ ಪಕ್ಕದ ಮನೆ ಕಾಕು ಕಟ್ಟೆ ಮೇಲಿಂದ ಕೂಗಿದರು: “ಏನಪಾ, ಒಮ್ಮೆಲೆ ಸುಮ್ಮನಾದಿ? ನಿನ್ನ ಪೀಪಿಗೂ ಕರೆಂಟ್ ಬೇಕೇನು?”

ನಾಲ್ಕೂ ಕಾಲಿಗೆ ಕರೆಂಟ್ ಬಂತು. ಮೊದಲು ಕೇಳಿದ್ದು ಕಿಟಕಿಯಾಚೆಯ ಟ್ರಾನ್ಸ್‌ಫಾರ್ಮರ್. ಗುಂಯ್ಯ್. ಅನುಮಾನ ಬಂದು ಶ್ರುತಿ ಅಳೆಯುವ ಟ್ಯೂನರ್ ಆ್ಯಪ್ ಹಿಡಿದೆ. 100 ಹರ್ಟ್ಸ್, ಅಂದರೆ ಸೆಕೆಂಡಿಗೆ ನೂರು ಕಂಪನ. ‘ಜಿ’ ಇರೋದು 98ರಲ್ಲಿ. ನಮ್ಮ ಕರೆಂಟ್ 50 ಹರ್ಟ್ಸ್, ಟ್ರಾನ್ಸ್‌ಫಾರ್ಮರ್ ಗುನುಗೋದು ಅದರ ಎರಡರಷ್ಟು. ಮೌತ್‌ಪೀಸ್ ನೋಡಿದರೆ ಕಾರ್ಕಿನ ಮೇಲೆ ಎಂದಿಗಿಂತ ಜಾಸ್ತಿ ಒಳಗೆ ಹೋಗಿದೆ. ಅಂದರೆ ಆ ಗುಂಯ್‌ಗೆ ಸೇರಲಿ ಅಂತ ನಾನೇ ಗೊತ್ತಿಲ್ಲದೆ ತಳ್ಳಿ ತಳ್ಳಿ ಶ್ರುತಿ ಏರಿಸಿಕೊಂಡಿದ್ದೇನೆ! ತಂಬೂರಿ ಆ್ಯಪಿಗೆ ದುಡ್ಡು ಬೇರೆ ಕೊಟ್ಟಿದ್ದೆ.

ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಸಾನಿ ರಾಲಿನ್ಸ್ 1959ರಿಂದ 1961ರವರೆಗೆ ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆ ಮೇಲೆ ನಿಂತು ಅಭ್ಯಾಸ ಮಾಡುತ್ತಿದ್ದರು, ನೆರೆಯವರಿಗೆ ಕಿರಿಕಿರಿ ಬೇಡ ಅಂತ. ಅದೇ ಸೇತುವೆ ಮೇಲೆ ರೈಲೂ ಓಡುತ್ತದೆ. ಅವರಿಗೆ ಯಾರೂ ಕೌದಿ ಕೊಟ್ಟಿರಲಿಲ್ಲ ನೋಡಿ.

ಕೌದಿ ಇಳಿಸಿ ಮಡಚಿಟ್ಟೆ. ಕಿಟಕಿ ತೆಗೆದು ರೆಕಾರ್ಡಿಂಗ್ ಒತ್ತಿದೆ. ಕಾಕು ಮನೆಯ ಮಗ್ಗ ಖಟ್-ಖಟಾ, ಖಟ್-ಖಟಾ ಅಂತಿತ್ತು, ನಾನು ಅದರ ಸಂದಿಯಲ್ಲಿ ತೂರಿಕೊಂಡು ಹೊರಟೆ. ಏಳನೇ ನಿಮಿಷಕ್ಕೆ ಅವರ ಎಳೆ ಹರಿಯಿತು, ಮಗ್ಗ ನಿಂತಿತು. ಅವರು ಗಂಟು ಹಾಕೋವರೆಗೆ ಅದೇ ‘ಇ’ ಹಿಡಿದು ನಿಲ್ಲೋಣ ಅಂದುಕೊಂಡೆ.

ಉಸಿರು ಸಾಲಲಿಲ್ಲ.