ಗೂಗಲ್ ಇಲ್ಲದ ಫೋನಿನಲ್ಲಿ ನಮ್ಮ ಆ್ಯಪ್

ಬೆಂಗಳೂರಿನ ಒಂದು ಕಂಪನಿಯಲ್ಲಿ ನಾನು ಆ್ಯಪ್ ಟೆಸ್ಟರ್. ಮನೆಗೆ ಸಾಮಾನು ತರಿಸಿಕೊಳ್ಳುವ ಆ್ಯಪ್ ನಮ್ಮದು. ಟೆಸ್ಟಿಂಗ್‌ಗೆ ಅಂತ ಕಪಾಟಿನ ತುಂಬ ಫೋನ್‌ಗಳಿವೆ. ಕಂಪನಿ ಬೇರೆ, ಸ್ಕ್ರೀನ್ ಬೇರೆ, ಆದರೆ ಎಲ್ಲದರ ಒಳಗೂ ಗೂಗಲ್ ಪ್ಲೇ ಸರ್ವಿಸಸ್, ಅಂದರೆ ಉಳಿದ ಆ್ಯಪ್‌ಗಳಿಗೆ ಹಿಂದಿನಿಂದ ಕೆಲಸ ಮಾಡಿಕೊಡುವ ಗೂಗಲ್‌ನ ತಂತ್ರಾಂಶ, ಕೂತಿರುತ್ತದೆ. ಅದಿಲ್ಲದಿದ್ದರೆ ಏನಾಗುತ್ತದೆ ಅಂತ ನೋಡಲು ನನ್ನದೇ ಪಿಕ್ಸೆಲ್ ಫೋನಿಗೆ ಗ್ರಾಫೀನ್ ಓಎಸ್ ಹಾಕಿಕೊಂಡೆ. ಗೂಗಲ್ ಸೇವೆಗಳಿಲ್ಲದೆ ಬರುವ ಆಂಡ್ರಾಯ್ಡ್ ಅದು. ಕಪಾಟಿನಲ್ಲಿ ಇಡಲಿಲ್ಲ, ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ.

ಇಂಥದ್ದೇ ಲೀನಿಯೇಜ್ ಓಎಸ್ ಕೂಡ ಇದೆ. 2016ರ ಕೊನೆಯಲ್ಲಿ ಸಯನೋಜೆನ್‌ಮಾಡ್ ಎಂಬ ಹಳೆಯ ಓಎಸ್ ನಿಂತಾಗ ಹುಟ್ಟಿದ್ದು, ತುಂಬಾ ಹಳೆಯ ಫೋನ್‌ಗಳಿಗೂ ಸಿಗುತ್ತದೆ. ಆದರೂ ಗ್ರಾಫೀನ್ ಆರಿಸಿದ್ದು ಒಂದು ಅನುಕೂಲಕ್ಕೆ. ಅದರಲ್ಲಿ ಪ್ಲೇ ಸರ್ವಿಸಸ್ ಬೇಕಾದಾಗ ಉಳಿದ ಆ್ಯಪ್‌ಗಳ ಹಾಗೆ ಹಾಕಿಕೊಳ್ಳಬಹುದು, ಬೇಡವಾದಾಗ ಕಿತ್ತು ಹಾಕಬಹುದು. ಟೆಸ್ಟರ್‌ಗೆ ಇನ್ನೇನು ಬೇಕು?

ಮೊದಲು ಸಿಕ್ಕಿಕೊಂಡಿದ್ದು ಲಾಗಿನ್‌ನಲ್ಲೇ. ಒಟಿಪಿ ಬಂದ ತಕ್ಷಣ ಆ್ಯಪ್ ಅದನ್ನು ತಾನೇ ತುಂಬಿಕೊಳ್ಳುತ್ತದೆ ಅಲ್ವಾ? ನಮ್ಮ ಆ್ಯಪ್‌ನಲ್ಲಿ ಆ ಕೆಲಸ ಮಾಡುತ್ತಿದ್ದದ್ದು ಪ್ಲೇ ಸರ್ವಿಸಸ್. ಅದಿಲ್ಲದೆ ಚಕ್ರ ಸುಮ್ನೆ ತಿರುಗುತ್ತಾ ಇತ್ತು. ಮೆಸೇಜ್ ಕಣ್ಣೆದುರೇ ಬಂದಿದೆ, ಟೈಪ್ ಮಾಡೋಣ ಅಂದರೆ ಜಾಗವೇ ಇಲ್ಲ. ಕೋಡ್ ತೆರೆದು ನೋಡಿದಾಗ ವಿಷಯ ಗೊತ್ತಾಯಿತು. 'ಆಗಲಿಲ್ಲ' ಅಂತ ಉತ್ತರ ಬರುತ್ತಲೇ ಇತ್ತು, ಅದನ್ನು ಕೇಳಿಸಿಕೊಳ್ಳುವ ಒಂದು ಸಾಲೂ ಬರೆದಿರಲಿಲ್ಲ.

ಇದನ್ನು ಬಗ್ ಅಂತ ಬರೆದು ಹಾಕಿದೆ. ಡೆವಲಪರ್ ಗೆಳೆಯ ನಕ್ಕ. 'ಇಂಥ ಫೋನ್ ಇಟ್ಟುಕೊಂಡ ಗ್ರಾಹಕರು ಎಷ್ಟು ಜನ ಇದ್ದಾರೆ? ನೀನೊಬ್ಬನೇ' ಅಂದ. ಸರಿಯಾದ ಮಾತೇ. ಹಾಗಾಗಿ ಫೋನಿನ ಮಾತು ಬಿಟ್ಟು ಗ್ರಾಹಕರ ಹಳೆಯ ದೂರುಗಳನ್ನು ಹುಡುಕಿದೆ. 'ಒಟಿಪಿ ಹಾಕಲು ಆಗುತ್ತಿಲ್ಲ' ಅನ್ನುವ ದೂರುಗಳು ಸಾಲಾಗಿ ಸಿಕ್ಕವು. 'ಆ್ಯಪ್ ತೆಗೆದು ಮತ್ತೆ ಹಾಕಿ' ಅಂತ ಹೇಳಿ ಎಲ್ಲವನ್ನೂ ಮುಚ್ಚಲಾಗಿತ್ತು. ಬರೆದವರಲ್ಲಿ ಜಾಸ್ತಿ ಜನರ ಕಥೆ ಒಂದೇ: ನಂಬರ್ ಅಪ್ಪನದು, ಅಪ್ಪ ಊರಲ್ಲಿ, ಆ್ಯಪ್ ಇರುವುದು ಇಲ್ಲಿ ಮಗನ ಫೋನಿನಲ್ಲಿ. ಮೆಸೇಜ್ ಬರುವುದೇ ಬೇರೆ ಫೋನಿಗೆ. ಅವರ ಫೋನಿನಲ್ಲಿ ಗೂಗಲ್ ಇತ್ತು, ಆದರೆ ತೊಂದರೆ ನನಗೆ ಬಂದದ್ದೇ. ಗೆಳೆಯ ಆಮೇಲೆ ನಗಲಿಲ್ಲ. ಟೈಪ್ ಮಾಡುವ ಜಾಗ ಈಗ ಮೊದಲಿನಿಂದಲೇ ಕಾಣಿಸುತ್ತದೆ.

ನೋಟಿಫಿಕೇಶನ್ ಕಥೆಯೂ ಹಾಗೇ. ಆಂಡ್ರಾಯ್ಡ್‌ನಲ್ಲಿ ಒಂದೊಂದು ಆ್ಯಪ್ ಒಂದೊಂದು ಸಂಪರ್ಕ ಇಟ್ಟುಕೊಂಡರೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಅದಕ್ಕೇ ಸಾಮಾನ್ಯವಾಗಿ ಗೂಗಲ್‌ನ ಫೈರ್‌ಬೇಸ್ ಸೇವೆಯ ಕಡೆಗೆ ಒಂದೇ ಸಂಪರ್ಕ, ಎಲ್ಲ ಆ್ಯಪ್‌ಗಳ ಸುದ್ದಿಯೂ ಅದರಲ್ಲೇ. ಮೆಸೇಜ್ ಕಳಿಸುವ ಸಿಗ್ನಲ್‌ನಂಥ ಕೆಲವು ಆ್ಯಪ್‌ಗಳು ಗೂಗಲ್ ಇಲ್ಲದಿದ್ದರೆ ತಮ್ಮದೇ ಸಂಪರ್ಕ ಇಟ್ಟುಕೊಳ್ಳುತ್ತವೆ. ನಮ್ಮದು ಹಾಗಲ್ಲ. ಸಾಮಾನು ಬಾಗಿಲಿಗೆ ಬಂದರೂ ಆ್ಯಪ್ ತೆರೆದರೆ 'ಪ್ಯಾಕ್ ಆಗುತ್ತಿದೆ' ಅನ್ನುತ್ತಿತ್ತು. ಬ್ಯಾಟರಿ ಉಳಿಸಲು ಹಿಂದೆ ಓಡುವ ಆ್ಯಪ್‌ಗಳನ್ನು ಕೊಂದುಬಿಡುವ ಮಾಮೂಲಿ ಫೋನ್‌ಗಳಲ್ಲೂ ಇದೇ ಗೋಳು ಅಂತ ದೂರುಗಳು ಹೇಳಿದವು. ಈಗ ಸ್ಕ್ರೀನ್ ತೆರೆದ ಕೂಡಲೇ ಆ್ಯಪ್ ಸರ್ವರ್ ಅನ್ನು ಒಮ್ಮೆ ಕೇಳುತ್ತದೆ. ಚಿಕ್ಕ ಕೆಲಸ, ಅರ್ಧ ದಿನದ್ದೂ ಅಲ್ಲ.

ದಿನನಿತ್ಯದ ಬಳಕೆಗೆ ಹೇಗಿದೆ ಅಂತ ಆಫೀಸಿನಲ್ಲಿ ಎಲ್ಲರೂ ಕೇಳುತ್ತಾರೆ. ಕನ್ನಡ ಅಕ್ಷರ ಚೆನ್ನಾಗಿ ಕಾಣುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕನ್ನಡ ಮಾಡಿಕೊಳ್ಳಲು ಇಂಡಿಕ್ ಕೀಬೋರ್ಡ್ ಹಾಕಿಕೊಂಡೆ. ದಾರಿಗೆ ಆರ್ಗ್ಯಾನಿಕ್ ಮ್ಯಾಪ್ಸ್ ಸಾಕು, ಹೊಸ ಅಂಗಡಿ ಹುಡುಕಬೇಕಾದರೆ ಮಾತ್ರ ಕೈಕೊಡುತ್ತದೆ. ಗ್ರಾಫೀನ್‌ನಲ್ಲಿ ಇಂಟರ್ನೆಟ್ ಅನುಮತಿಯನ್ನೇ ಒಂದೊಂದು ಆ್ಯಪ್‌ಗೆ ಬೇರೆ ಬೇರೆಯಾಗಿ ತೆಗೆಯಬಹುದು. ಟಾರ್ಚ್ ಆ್ಯಪ್‌ಗೆ ಇಂಟರ್ನೆಟ್ ಯಾಕೆ ಸ್ವಾಮಿ?

ಬ್ಯಾಂಕ್ ಮಾತ್ರ ತಲೆನೋವು. ಕೆಲವು ಬ್ಯಾಂಕ್ ಆ್ಯಪ್ ತೆರೆಯುತ್ತವೆ, ಕೆಲವು 'ನಿಮ್ಮ ಫೋನ್ ಸುರಕ್ಷಿತವಲ್ಲ' ಎಂದು ಬಾಗಿಲು ಹಾಕುತ್ತವೆ. ಬೂಟ್‌ಲೋಡರ್ (ಫೋನ್ ಆನ್ ಆದಾಗ ಓಎಸ್ ಶುರು ಮಾಡುವ ಭಾಗ) ಲಾಕ್ ಆಗಿದ್ದರೂ ಅಷ್ಟೇ. ಅವು ಗೂಗಲ್‌ನ ತಪಾಸಣೆಯಾದ ಪ್ಲೇ ಇಂಟೆಗ್ರಿಟಿಯ ಮೂಲಕ ಕೇಳುವುದು ಈ ಓಎಸ್‌ಗೆ ಗೂಗಲ್ ಒಪ್ಪಿಗೆ ಕೊಟ್ಟಿದೆಯೇ ಅಂತ. ಫೋನ್ ನಿಜಕ್ಕೂ ಭದ್ರವಾಗಿದೆಯೇ ಅನ್ನುವುದು ಬೇರೆ ಪ್ರಶ್ನೆ. ಆಂಡ್ರಾಯ್ಡ್‌ನಲ್ಲೇ ಇರುವ ಹಾರ್ಡ್‌ವೇರ್ ಅಟೆಸ್ಟೇಶನ್ (ಯಾವ ಓಎಸ್ ಇದೆ ಅಂತ ಫೋನಿನ ಹಾರ್ಡ್‌ವೇರೇ ಸಾಕ್ಷಿ ಹೇಳುವ ವ್ಯವಸ್ಥೆ) ಬಳಸಿದರೆ ಗ್ರಾಫೀನ್ ಅನ್ನೂ ಗುರುತಿಸಬಹುದು, ಆ ಕಷ್ಟ ತೆಗೆದುಕೊಳ್ಳುವವರು ಕಡಿಮೆ. ಯುಪಿಐ ನೋಂದಣಿಗೆ ಸಿಮ್ ಅದೇ ಫೋನಿನಲ್ಲಿ ಇರಬೇಕು. ಹಾಗಾಗಿ ಬ್ಯಾಂಕಿನ ಸಿಮ್ ಹಳೆಯ ಫೋನಿನಲ್ಲೇ ಉಳಿದಿದೆ. ಎರಡು ಫೋನ್ ಹೊರುವುದು ಕಿರಿಕಿರಿಯೇ.

ನಮ್ಮ ಆ್ಯಪ್‌ನಲ್ಲಿ ಒಂದನ್ನು ಸರಿ ಮಾಡಲಿಲ್ಲ. ವಿಳಾಸ ಆರಿಸುವ ಮ್ಯಾಪ್ ಗೂಗಲ್‌ನದು, ನನ್ನ ಫೋನಿನಲ್ಲಿ ಅದು ಖಾಲಿ. ಬೇರೆ ಮ್ಯಾಪ್ ಜೋಡಿಸುವುದು ದೊಡ್ಡ ಖರ್ಚು, ಅದಕ್ಕೆ ಸರಿಹೊಂದುವ ದೂರೂ ಸಿಗಲಿಲ್ಲ. ಬೇಡ ಅಂತ ನಾನೇ ಬಗ್ ಮುಚ್ಚಿದೆ. ವಿಳಾಸವನ್ನು ಟೈಪ್ ಮಾಡುತ್ತೇನೆ, ಸಾಮಾನು ಬರುತ್ತದೆ.