ಹೆಣಕ್ಕೊಂದು ಕಾನೂನು

ಹಳೇ ಕಾನೂನುಗಳನ್ನು ಸುಮ್ನೆ ಓದುತ್ತಾ ಕೂರುವ ಹುಚ್ಚು ನನಗೆ. 1807ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಲ್ಲಿ ಆನ್ಸನ್ ಎಂಬ ಯುದ್ಧನೌಕೆ ಒಡೆಯಿತು. ದಡಕ್ಕೆ ಬಂದ ಹೆಣಗಳನ್ನು ಅಲ್ಲೇ ಗುಂಡಿ ತೋಡಿ ಹೂತರು. ಪೆಟ್ಟಿಗೆಯಿಲ್ಲ, ಪ್ರಾರ್ಥನೆಯಿಲ್ಲ. ಆಗಿನ ರೂಢಿಯೇ ಹಾಗೆ. ಜನ ಸಿಟ್ಟಾದರು, 1808ರಲ್ಲಿ ಕಾನೂನು ಬಂತು. ಊರಿನ ಚರ್ಚ್ ಅಂಗಳದಲ್ಲೇ ಹೂಳಬೇಕು, ಖರ್ಚು ಕೌಂಟಿಯದು, ಅಂದರೆ ಅಲ್ಲಿನ ಜಿಲ್ಲೆಯದು. ಹೆಣ ಕಂಡು ಮೊದಲು ಸುದ್ದಿ ಕೊಟ್ಟವರಿಗೆ 5 ಶಿಲ್ಲಿಂಗ್! ಈ 5 ಶಿಲ್ಲಿಂಗ್ ಉಪಾಯ ಹೊಳೆದವರು ಜಾಣರೇ ಅಲ್ವಾ?

ಅದೇ ಕಾರ್ನ್‌ವಾಲ್‌ನ ಮಾರ್ವೆನ್‌ಸ್ಟೋ ಊರಿನ ಪಾದ್ರಿ ರಾಬರ್ಟ್ ಹಾಕರ್ ಮಾತ್ರ ಕಾನೂನು ಕೇಳಿದ್ದಕ್ಕಿಂತ ಜಾಸ್ತಿ ಮಾಡಿದರು. ಹೆಣ ಹುಡುಕಲು ತಾವೇ ಬಂಡೆ ಇಳಿಯುತ್ತಿದ್ದರು. 1842ರಲ್ಲಿ ಒಡೆದ ಕ್ಯಾಲೆಡೋನಿಯಾ ಹಡಗಿನವರ ಗೋರಿಗೆ ಗುರುತಾಗಿ ನಿಂತದ್ದು ಆ ಹಡಗಿನ ಮೂತಿಯಲ್ಲಿದ್ದ ಮರದ ಗೊಂಬೆ. ಕತ್ತಿ, ಗುರಾಣಿ ಹಿಡಿದ ಹೆಣ್ಣು. ಈಗ ಅಂಗಳದಲ್ಲಿರುವುದು ನಕಲು. ಅಸಲಿ ಚರ್ಚ್ ಒಳಗಿದೆ.