ಕ್ರಿಸ್‌ಮಸ್‌ನಲ್ಲಿ ನೀವು ನೆನೆಯುವುದು ಮಗುವನ್ನೋ, ಶಿಲುಬೆಯವನನ್ನೋ?

ಡಿಸೆಂಬರ್ ಬಂತೆಂದರೆ ಶಿವಮೊಗ್ಗದಲ್ಲಿ ನೆರೆಹೊರೆಯವರು, ಜೊತೆಯಲ್ಲಿ ಕೆಲಸ ಮಾಡುವವರು ನನ್ನನ್ನು ಕೇಳುವ ಪ್ರಶ್ನೆ ಇದು: "ವರ್ಷವಿಡೀ ನಿಮ್ಮ ಮನೆಯ ಗೋಡೆಯ ಮೇಲೆ ಶಿಲುಬೆಯ ಯೇಸು ಇರುತ್ತಾನೆ. ಈಗ ಹುಲ್ಲಿನ ಮೇಲೆ ಮಗುವನ್ನು ಮಲಗಿಸುತ್ತೀರಿ. ಈ ದಿನಗಳಲ್ಲಿ ನೀವು ಪ್ರಾರ್ಥಿಸುವುದು ಯಾರನ್ನು?" ಕೆಲವರು ಅಷ್ಟಕ್ಕೇ ಬಿಡುವುದಿಲ್ಲ. "ನಮ್ಮ ಬಾಲಕೃಷ್ಣನ ಹಾಗೆಯೇ ಅಲ್ಲವೇ ಅಕ್ಕಾ?" ಎನ್ನುತ್ತಾರೆ. ಅಕ್ಕರೆಯಿಂದ ಕೇಳುವ ಮಾತು. ಬಾಗಿಲಲ್ಲಿ ನಿಂತು ಅರ್ಧಂಬರ್ಧ ಉತ್ತರಿಸಿ ಕಳುಹಿಸಲು ನನಗೆ ಮನಸ್ಸಾಗುವುದಿಲ್ಲ.

ಮೊದಲು ಒಂದು ಮಾತು. ಯೇಸು ವರ್ಷವರ್ಷವೂ ಮತ್ತೆ ಹುಟ್ಟಿ ಬರುತ್ತಾನೆಂದು ನಾವು ನಂಬುವುದಿಲ್ಲ. ಹುಟ್ಟಿದ್ದು ಒಮ್ಮೆ, ಸತ್ತು ಎದ್ದದ್ದು ಒಮ್ಮೆ. ನಮ್ಮ ಪ್ರಾರ್ಥನೆಯೆಲ್ಲ ಎದ್ದು ಬಂದು ಇಂದಿಗೂ ಜೀವಿಸಿರುವ ಯೇಸುವಿಗೇ ಸಲ್ಲುತ್ತದೆ. ಹುಟ್ಟಿದ ದಿನ ಡಿಸೆಂಬರ್ 25 ಎಂದು ಬೈಬಲ್ಲು ಎಲ್ಲಿಯೂ ಹೇಳಿಲ್ಲ. ನಾಲ್ಕನೆಯ ಶತಮಾನದ ರೋಮಿನಲ್ಲಿ ಆ ದಿನದ ಆಚರಣೆ ದಾಖಲಾಗಿದೆ, ಅಷ್ಟೇ. ತಾರೀಖಿನ ಬಗ್ಗೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ.

ಇನ್ನು ಬಾಲಕೃಷ್ಣನ ಮಾತು. ದೇವರನ್ನು ಮಗುವಾಗಿ ಕಂಡು ಮುದ್ದಿಸುವ ಮನಸ್ಸು ಎರಡು ಕಡೆಯೂ ಇದೆ, ಅದು ನನಗೆ ಸಂತೋಷ. ಆದರೆ ಯೇಸುವಿನ ಬದುಕನ್ನು ಹೇಳುವ ಬೈಬಲ್ಲಿನ ನಾಲ್ಕು ಪುಸ್ತಕಗಳಾದ ಶುಭಸಂದೇಶಗಳಲ್ಲಿ ಬಾಲಯೇಸು ಮಾಡಿದ ಒಂದು ಪವಾಡವೂ ಇಲ್ಲ. ಮಾರ್ಕ ಮತ್ತು ಯೊವಾನ್ನ ಹುಟ್ಟಿನ ಕತೆಯನ್ನೇ ಹೇಳುವುದಿಲ್ಲ. ಮತ್ತಾಯ ಮತ್ತು ಲೂಕ ಹೇಳುವ ಮಗುವಂತೂ ಎಲ್ಲ ಹಸುಗೂಸುಗಳಂತೆ ಹಾಲಿಗೆ, ಬಟ್ಟೆಗೆ, ಎತ್ತಿಕೊಳ್ಳುವ ಕೈಗೆ ಕಾಯಬೇಕಾದ ಮಗು. ಹೆರೋದ ಅರಸ ಕೊಲ್ಲಲು ಹುಡುಕಿದಾಗ ಆ ಮಗು ಎದುರು ನಿಲ್ಲಲಿಲ್ಲ. ಬಡಗಿ ಜೋಸೆಫ್ ರಾತ್ರೋರಾತ್ರಿ ತಾಯಿ ಮಗುವನ್ನು ಕರೆದುಕೊಂಡು ಈಜಿಪ್ಟಿಗೆ ಹೊರಟ. ಲೋಕವನ್ನು ಕಾಯುವವನೆಂದು ನಾವು ನಂಬುವವನನ್ನು ಒಬ್ಬ ಬಡಗಿ ಕಾಯಬೇಕಾಯಿತು! ಕ್ರಿಸ್‌ಮಸ್‌ನಲ್ಲಿ ನನ್ನ ಮನಸ್ಸು ನಿಲ್ಲುವುದು ಇಲ್ಲಿಯೇ. ವರ್ಷವಿಡೀ ಸರ್ವಶಕ್ತ ಎಂದು ಕರೆಯುವ ದೇವರು ಇನ್ನೊಬ್ಬರ ಕೈಯಾಸರೆ ಬೇಕಾಗುವಷ್ಟು ಕೆಳಗೆ ಇಳಿದು ಬಂದ.

ಈ ನಂಬಿಕೆಗೆ ನಮ್ಮ ಪೂಜೆಯಲ್ಲಿ ಒಂದು ಗುರುತು ಇದೆ. 325ರಲ್ಲಿ ನಿಸೇಯ ಎಂಬ ಊರಿನ ಬಿಷಪ್‌ಗಳ ಕೂಟದಲ್ಲಿ ರೂಪುಗೊಂಡು 381ರಲ್ಲಿ ವಿಸ್ತಾರಗೊಂಡ, ನಾವೆಲ್ಲ ಒಟ್ಟಿಗೆ ಹೇಳುವ ವಿಶ್ವಾಸ ಪ್ರಮಾಣದಲ್ಲಿ ಆತ ಕನ್ಯೆ ಮರಿಯಳಿಂದ ಶರೀರ ಧರಿಸಿ ಮನುಷ್ಯನಾದನೆಂಬ ಸಾಲು ಬರುತ್ತದೆ. ಬೇರೆ ಭಾನುವಾರಗಳಲ್ಲಿ ಆ ಸಾಲಿಗೆ ತಲೆ ಬಾಗಿಸುತ್ತೇವೆ. ಆದರೆ ಕ್ರಿಸ್‌ಮಸ್ ಬಲಿಪೂಜೆಯಲ್ಲಿ, ಅಂದರೆ ಚರ್ಚಿನ ಆ ದಿನದ ಮುಖ್ಯ ಆರಾಧನೆಯಲ್ಲಿ, ಮೊಣಕಾಲೂರುತ್ತೇವೆ. ಹೊಸ ರೇಷ್ಮೆ ಸೀರೆಯವರು, ನಿದ್ದೆಗಣ್ಣಿನ ಮಕ್ಕಳು, ಮಂಡಿನೋವಿಗೆ ಬೆಂಚನ್ನು ಹಿಡಿದುಕೊಂಡ ಅಜ್ಜಿಯರು ಎಲ್ಲರೂ ಒಟ್ಟಿಗೆ ಕೆಳಗಿಳಿಯುತ್ತಾರೆ. ಆ ಸಾಲು ಮುಗಿದ ಮೇಲೆ ಎದ್ದು ಉಳಿದದ್ದನ್ನು ಹೇಳುತ್ತಾರೆ. ಇಡೀ ಹಬ್ಬದಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ ಅದು.

ಹಾಗಾದರೆ ಶಿಲುಬೆ ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ, ಅಂದರೆ ದನಗಳ ಮೇವಿನ ತೊಟ್ಟಿಯಲ್ಲಿ, ಮಲಗಿಸಿದರೆಂದು ಬರೆದ ಲೂಕನೇ, ಶಿಲುಬೆಯಿಂದ ಇಳಿಸಿದ ಶರೀರವನ್ನು ನಾರುಬಟ್ಟೆಯಲ್ಲಿ ಸುತ್ತಿ ಸಮಾಧಿಯಲ್ಲಿ ಇಟ್ಟರೆಂದೂ ಬರೆಯುತ್ತಾನೆ. ಮಗುವನ್ನು ನೋಡಲು ಪೂರ್ವದಿಂದ ಬಂದ ಜ್ಞಾನಿಗಳ ಕಾಣಿಕೆಗಳಲ್ಲಿ ಚಿನ್ನ, ಧೂಪದ ಜೊತೆ ರಕ್ತಬೋಳವೆಂಬ ಸುಗಂಧದ ಅಂಟೂ ಇತ್ತು. ಯೇಸುವಿನ ಶವಸಂಸ್ಕಾರಕ್ಕೆ ನಿಕೊದೇಮ ಎಂಬಾತ ಹೊತ್ತು ತಂದದ್ದರಲ್ಲಿಯೂ ಅದೇ ರಕ್ತಬೋಳ. ಇನ್ನು ನಮ್ಮ ಚರ್ಚಿನ ಪಂಚಾಂಗ ನೋಡಿ: ಕ್ರಿಸ್‌ಮಸ್‌ನ ಮರುದಿನವೇ, ಡಿಸೆಂಬರ್ 26ರಂದು, ಕಲ್ಲೆಸೆತಕ್ಕೆ ಬಲಿಯಾದ ಮೊದಲ ಹುತಾತ್ಮ ಸ್ತೇಫಾನನ ಹಬ್ಬ. 28ರಂದು ಹೆರೋದ ಕೊಲ್ಲಿಸಿದ ಬೆತ್ಲೆಹೇಮಿನ ಎಳೆಯ ಮಕ್ಕಳ ಸ್ಮರಣೆ. ಸಿಹಿ ತಿನಿಸಿನ ಡಬ್ಬಿ ಖಾಲಿಯಾಗುವ ಮೊದಲೇ ಚರ್ಚು ನಮಗೆ ರಕ್ತವನ್ನು ನೆನಪಿಸುತ್ತದೆ.

ಯೇಸು ಹುಟ್ಟಿದ ದೃಶ್ಯವನ್ನು ಮನೆಯಲ್ಲಿ ಜೋಡಿಸುವುದಕ್ಕೂ ಗೋದಲಿ ಕಟ್ಟುವುದು ಎನ್ನುತ್ತೇವೆ, ಅದರ ಬಗ್ಗೆಯೂ ಹೇಳಬೇಕು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸ್ ನಿಜವಾದ ಹುಲ್ಲು, ಎತ್ತು, ಕತ್ತೆಗಳನ್ನು ತರಿಸಿ ಬೆತ್ಲೆಹೇಮಿನ ಬಡತನವನ್ನು ಕಣ್ಣೆದುರು ತಂದ. ಮಲೆನಾಡಿನಲ್ಲಿ ಆಗ ತಾನೇ ಭತ್ತದ ಕೊಯ್ಲು ಮುಗಿದಿರುತ್ತದೆ, ಹೊಸ ಹುಲ್ಲಿಗೆ ಬರವಿಲ್ಲ. ಮೂಲೆಯಲ್ಲಿ ಮೊಳಕೆ ಬರಿಸಿದ ರಾಗಿ ಹಸಿರು ಗದ್ದೆಯಾಗುತ್ತದೆ. ಚೆಂದವೇ. ಆದರೆ ಬಣ್ಣದ ದೀಪಗಳ ಸರ ಹೆಚ್ಚಾದಂತೆ ಆ ಬಡತನ ಕಾಣದಾಗುತ್ತದೆ ಎಂಬುದು ನನ್ನ ನಿಜವಾದ ಸಂಕಟ.

ಲಿಂಗನಮಕ್ಕಿ ಅಣೆಕಟ್ಟಿನಿಂದ ಮನೆ ಗದ್ದೆ ಕಳೆದುಕೊಂಡು ಬಂದ ಶರಾವತಿ ಮುಳುಗಡೆಯ ಕುಟುಂಬದ ಅಜ್ಜಿಯೊಬ್ಬರು ನಮ್ಮ ಮನೆಯ ಗೋದಲಿಯನ್ನು ಬಗ್ಗಿ ನೋಡಿ, "ಅಯ್ಯೋ, ಬಾಣಂತಿಗೆ ಒಂದು ಕೋಣೆ ಕೊಡುವವರೂ ಇರಲಿಲ್ಲವೇನಮ್ಮಾ?" ಎಂದು ಕೇಳಿದರು. ಲೂಕ ಬರೆದದ್ದೂ ಅದನ್ನೇ, ಛತ್ರದಲ್ಲಿ ಅವರಿಗೆ ಸ್ಥಳ ಸಿಗಲಿಲ್ಲ. ಊರು ಬಿಡುವುದೆಂದರೆ ಏನೆಂದು ಬಲ್ಲ ಆ ಅಜ್ಜಿಗೆ ನಾನು ವಿವರಿಸಬೇಕಾದದ್ದು ಏನೂ ಉಳಿದಿರಲಿಲ್ಲ.

ಹುಟ್ಟಿನ ಸುದ್ದಿ ಮೊದಲು ಮುಟ್ಟಿದ್ದು ಅರಮನೆಗಲ್ಲ, ರಾತ್ರಿಯಿಡೀ ಕುರಿ ಕಾಯುತ್ತಿದ್ದವರಿಗೆ. ನಮ್ಮಲ್ಲಿ ಅದು ಅಡಿಕೆ ಸುಲಿತದ ಕಾಲ. ಮೆಟ್ಟುಗತ್ತಿಯ ಮುಂದೆ ಕುಳಿತು ಹೊತ್ತು ಮೀರುವ ತನಕ ಸುಲಿಯುವ ಹೆಂಗಸರನ್ನು ನೋಡಿದಾಗಲೆಲ್ಲ, ಬೆತ್ಲೆಹೇಮ್ ಇಲ್ಲಿ ಇದ್ದಿದ್ದರೆ ದೇವದೂತರು ಮೊದಲು ಆ ಚಪ್ಪರಕ್ಕೇ ಬರುತ್ತಿದ್ದರು ಎಂದುಕೊಳ್ಳುತ್ತೇನೆ.

ಮಗುವಿನ ಮುಂದೆ ನಾವು ಬಹಳ ದಿನ ಕೂರುವುದೂ ಇಲ್ಲ. ಜನವರಿಯಲ್ಲಿ ಯೇಸುವಿನ ದೀಕ್ಷಾಸ್ನಾನದ ಹಬ್ಬಕ್ಕೆ ಕ್ರಿಸ್‌ಮಸ್ ಕಾಲ ಮುಗಿಯುತ್ತದೆ. ಅಂದು ಓದುವ ಪಾಠದಲ್ಲಿ ಆತ ಸುಮಾರು ಮೂವತ್ತರ ಗಂಡಸು. ಜೋರ್ಡನ್ ನದಿಯ ನೀರಿಗಿಳಿದು, ಪಾಪ ಒಪ್ಪಿಕೊಳ್ಳಲು ಬಂದ ಜನರ ಸಾಲಿನಲ್ಲಿಯೇ ನಿಂತಿರುತ್ತಾನೆ.